ಬೀಗರ ಹುಕ್ಕಾದಿಂದ ನಲವತ್ತೆರಡು ಹೆಜ್ಜೆ

ಇಳಕಲ್ಲಿನಲ್ಲಿ ನನ್ನ ಮಗಳನ್ನು ಕೊಟ್ಟ ಮನೆಯ ಪಡಸಾಲೆಯಿಂದ ಅದೇ ಮನೆಯ ಗೇಟಿನ ಪಕ್ಕದ ಬೇವಿನ ಮರದವರೆಗೆ ನಲವತ್ತೆರಡು ಹೆಜ್ಜೆ ಎಂದು ನನ್ನ ಡೈರಿಯಲ್ಲಿ ದಾಖಲಾಗಿದೆ. ಇದು ಅಂದಾಜಲ್ಲ. ಮೂವತ್ತನಾಲ್ಕು ವರ್ಷ ಭೂಮಾಪನ ಇಲಾಖೆಯಲ್ಲಿ ಸರಪಳಿ ಹಿಡಿದು ಹೊಲ, ಹಳ್ಳ, ದಿನ್ನೆಗಳನ್ನು ಅಳೆದವನು ನಾನು. ನನ್ನ ಒಂದು ಹೆಜ್ಜೆ ಎರಡೂವರೆ ಅಡಿ. ಕೆಲಸಕ್ಕೆ ಸೇರಿದ ವರ್ಷ ಟೇಪು ಹಾಸಿ, ತಾಳೆ ನೋಡಿ ರೂಢಿಸಿಕೊಂಡದ್ದು. ಅವಮಾನವಾದ ಜಾಗದ ಅಳತೆಯನ್ನು ಅಂದಾಜಿಗೆ ಬಿಡುವ ಅಭ್ಯಾಸ ನನಗಿಲ್ಲ.

ಆ ಹೆಜ್ಜೆಗಳನ್ನು ನಾನು ಮೊದಲ ಸಲ ನಡೆದದ್ದು ಮಗಳ ಮದುವೆಯಾದ ವರ್ಷದ ನಾಗರಪಂಚಮಿಗೆ. ರಾಜ್ಯದಲ್ಲಿ ಹುಕ್ಕಾಕ್ಕೆ ನಿಷೇಧ ಬರುವುದಕ್ಕೆ ಒಂದೆರಡು ವರ್ಷ ಮೊದಲಿನ ಮಾತು. ಹೊಸ ಮದುಮಗಳನ್ನು ಮೊದಲ ಪಂಚಮಿಗೆ ತವರಿನವರೇ ಹೋಗಿ ಕರೆತರಬೇಕು. ಅದರಂತೆ ಬಾಗಲಕೋಟೆಯ ನವನಗರದಿಂದ ಬೆಳಗಿನ ಬಸ್ಸು ಹಿಡಿದು, ಅಮೀನಗಡದಲ್ಲಿ ಇಳಿದು ಎರಡು ಡಬ್ಬಿ ಕರದಂಟು ಕೊಂಡು, ಮುಂದಿನ ಬಸ್ಸಿನಲ್ಲಿ ಹುನಗುಂದ ದಾಟಿ ಇಳಕಲ್ಲು ಸೇರಿದೆ. ಬೀಗರು ಗೇಟಿನವರೆಗೆ ಬಂದು ಕೈಮುಗಿದರು. ಅದನ್ನೂ ಬರೆದಿಟ್ಟುಕೊಂಡಿದ್ದೇನೆ, ಆದ ಒಳ್ಳೆಯದನ್ನು ಮರೆಯುವವನಲ್ಲ. ಆದರೆ ಡಬ್ಬಿಯನ್ನು ತಿರುಗಿಸಿ ಅಂಗಡಿಯ ಹೆಸರು ಓದಿದ ಮೇಲೆ ಅವರು ಆಡಿದ ಮಾತು ಇದು:

"ಆತು ಬಿಡ್ರಿ, ಇದೂ ನಡೀತೈತಿ. ಅದರ ಎದುರಿನ ಅಂಗಡೀದು ಇನ್ನಾ ಛಲೋ ಇರತೈತ್ರಿ."

ಎದುರಿನ ಅಂಗಡಿಗೆ ಹೋಗಬೇಕಾದರೆ ರಸ್ತೆ ದಾಟಬೇಕು, ದಾಟಿದರೆ ಬಸ್ಸು ತಪ್ಪುತ್ತದೆ. ಈ ವಿವರಣೆಯನ್ನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಒಳಗೆ ನಡೆದಿದ್ದರು.

ಬೀಗರಿಗೆ ಮನೆಯ ಹಿಂದೆಯೇ ಗ್ರಾನೈಟ್ ಕೊಯ್ದು ಪಾಲಿಶ್ ಮಾಡುವ ಕಾರ್ಖಾನೆ ಇದೆ. ಎತ್ತರದ ಆಳು, ತುಂಬು ಮೀಸೆ, ಗರಗಸದ ಸದ್ದಿನ ಮೇಲೆ ಮಾತಾಡಿ ಮಾತಾಡಿ ಬೆಳೆದ ದೊಡ್ಡ ದನಿ. ಪಡಸಾಲೆಯ ನಡುವೆ ಗಾದಿ, ಗಾದಿಯ ಮುಂದೆ ಮೊಳಕಾಲೆತ್ತರದ ಹುಕ್ಕಾ. ನೀಲಿ ಗಾಜಿನ ಬುಡದಲ್ಲಿ ನೀರು, ಮೇಲೆ ಹಿತ್ತಾಳೆಯ ಕಂಬ, ತುದಿಯ ಚಿಲುಮೆಯಲ್ಲಿ ಸೇಬಿನ ವಾಸನೆಯ ತಂಬಾಕು, ಅದರ ಮೇಲೆ ಕೆಂಡ. ರಾಜಸ್ಥಾನದ ಕಡೆಯ ಕಲ್ಲಿನ ವ್ಯಾಪಾರಿಗಳು ಪ್ರೀತಿಯಿಂದ ಕೊಟ್ಟದ್ದಂತೆ. ಬೀಗತಿಯವರು ಇಕ್ಕಳದಲ್ಲಿ ಕೆಂಡ ತಂದಿಟ್ಟು, ನನಗೆ "ಆರಾಮದೀರೇನ್ರಿ" ಎಂದು ಕೇಳಿ ಒಳಗೆ ಹೋದರು. ಅವರು ಮಾತು ಕಡಿಮೆಯವರು. ಬೀಗರು ನಳಿಕೆ ಬಾಯಿಗಿಟ್ಟು ಎಳೆದರು. ಬುಡದಲ್ಲಿ ಗುಳುಗುಳು ಸದ್ದಾಯಿತು. ಪಡಸಾಲೆಯ ತುಂಬ ಮೋಡ ಬಿಟ್ಟರು.

ಆತಿಥೇಯರೇ ಹೊಗೆ ಬಿಡುತ್ತಿರುವ ಮನೆಯಲ್ಲಿ ಅತಿಥಿಗೆ ಸಂಕೋಚ ಬೇಕಿಲ್ಲವೆಂದು ನಾನೂ ಜೇಬಿನಿಂದ ಸಿಗರೇಟು ತೆಗೆದು ಕಡ್ಡಿ ಗೀರಿದೆ.

"ಬೀಗರ, ತಪ್ಪು ತಿಳೀಬ್ಯಾಡ್ರಿ," ಎಂದರು ಅವರು, ನಳಿಕೆಯನ್ನು ತುಟಿಯಿಂದ ತುಸುವೇ ಸರಿಸಿ. "ಸಿಗರೇಟಿನ ವಾಸನಿ ಪರದಾಕ ಹಿಡೀತೈತಿ. ಹೊರಗ ಬೇವಿನ ಗಿಡದ ಕೆಳಗ ಗಾಳಿ ಭಾಳ ಛಲೋ ಐತಿ. ಅಲ್ಲೇ ಸ್ಟೂಲ್ ಐತಿ ನೋಡ್ರಿ."

ಅವರ ಹೊಗೆಗೆ ಪಡಸಾಲೆಯಲ್ಲಿ ಗಾದಿ. ನನ್ನ ಹೊಗೆಗೆ ಗೇಟಿನ ಬಳಿ ಕೆಂಪು ಪ್ಲಾಸ್ಟಿಕ್ಕಿನ ಸ್ಟೂಲು, ಅದರ ಒಂದು ಕಾಲಿಗೆ ತಂತಿ ಸುತ್ತಿತ್ತು. ಹೋಗುವಾಗ ಎಣಿಸಿದೆ. ನಲವತ್ತೆರಡು. ನಡುವೆ ಒಮ್ಮೆ ನಿಂತು ಕೆಮ್ಮಿದೆ. ಅದು ಎಣಿಕೆಗೆ ಸಂಬಂಧವಿಲ್ಲದ ವಿಷಯವೆಂದು ಆಗ ಅಂದುಕೊಂಡಿದ್ದೆ.

ಊಟದ ಮೇಲೆ ನಾನು ನೇರವಾಗಿಯೇ ಕೇಳಿದೆ. ತಂಬಾಕು ಅದೂ ಹೌದು, ಇದೂ ಹೌದು, ಭೇದವೇನು? ಬೀಗರು ನನ್ನ ಕೈಹಿಡಿದು ಕಾರ್ಖಾನೆಗೆ ಕರೆದೊಯ್ದರು. ಆಳೆತ್ತರದ ಗರಗಸ ಕೆಂಪು ಕಲ್ಲಿನ ಬಂಡೆಯನ್ನು ಕೊಯ್ಯುತ್ತಿತ್ತು. ಮೇಲಿನಿಂದ ಕೊಳವೆಯ ನೀರು ಬಿಡದೆ ಬೀಳುತ್ತಿತ್ತು. ಒಂದು ಚಿಟಿಕೆ ಧೂಳೂ ಏಳುತ್ತಿರಲಿಲ್ಲ. ಹಾಲಿನಂಥ ರಾಡಿ ಮಾತ್ರ ಕಾಲುವೆಯಲ್ಲಿ ಹರಿಯುತ್ತಿತ್ತು.

"ನೋಡ್ರಿ," ಎಂದರು ಅವರು, ಕಲ್ಲನ್ನೇ ಸಾಕ್ಷಿಗೆ ಕರೆದವರ ಹಾಗೆ. "ನೀರು ನಿಂತರ ಇಲ್ಲಿ ಮುಖಾ ಮುಖಕ್ಕ ಕಾಣೂದಿಲ್ಲ. ನೀರು ಬಿದ್ದರ ಧೂಳೆಲ್ಲಾ ರಾಡಿ. ಹುಕ್ಕಾದಾಗೂ ಅದ. ಹೊಗಿ ನೀರಾಗ ಮುಳುಗಿ, ಜಳಕಾ ಮಾಡಿ ಬರತೈತಿ. ನಿಮ್ಮ ಸಿಗರೇಟಿಗೆ ಜಳಕಾ ಎಲ್ಲೈತ್ರಿ?"

ಕೆಲಸಗಾರರು ನಕ್ಕರು. ಕಲ್ಲಿನ ಊರಿನ ಮನುಷ್ಯನಿಗೆ ಮಾತ್ರ ಹೊಳೆಯಬಹುದಾದ ವಾದ ಅದು. ಉತ್ತರವಿಲ್ಲದೆ ತಿರುಗಿ ಬಂದ ಅವಮಾನ ಸ್ಟೂಲಿನ ಅವಮಾನಕ್ಕಿಂತ ಆಳವಾಗಿ ನಾಟಿತು.

ನನ್ನ ಸಿಗರೇಟಿನ ಚರಿತ್ರೆಯನ್ನೂ ಇಲ್ಲಿ ಮುಚ್ಚಿಡಬಾರದು. ಬಾದಾಮಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ವರ್ಷ, ಗುಡ್ಡದ ಅಂಚಿನ ಹೊಲವೊಂದರ ಗಡಿ ಗುರುತಿಸುವಾಗ, ಬಿಸಿಲಿಗೆ ಕಾದ ಕೆಂಪು ಬಂಡೆಯ ನೆರಳಿನಲ್ಲಿ ಹಿರಿಯ ಸರ್ವೇಯರೊಬ್ಬರು ಒಂದು ಸಿಗರೇಟು ಕೊಟ್ಟರು. "ಹಸಿವಿ ಅಡಗತೈತಿ, ಸೇದು," ಎಂದರು. ಹಸಿವೆ ಅಡಗಲಿಲ್ಲ. ಅಭ್ಯಾಸ ಮಾತ್ರ ಉಳಿಯಿತು. ದಿನಕ್ಕೆ ಎಂಟು, ಒಂಬತ್ತನೆಯದನ್ನು ಎಂದೂ ಮುಟ್ಟಿಲ್ಲವೆಂಬುದು ನನ್ನ ಹೆಮ್ಮೆಯಾಗಿತ್ತು. ನನ್ನ ಹೆಂಡತಿ ಆ ಹೆಮ್ಮೆಗೆ ಎಂದೂ ಬೆಲೆ ಕೊಡಲಿಲ್ಲ. "ಎಂಟ ಸಲ ಬಾವಿಗೆ ಬಿದ್ದು, ಒಂಬತ್ತನೇ ಸಲ ಬೀಳಲಿಲ್ಲ ಅಂತ ಊರ ಮುಂದ ಹೇಳ್ಕೊತೀರಿ," ಎನ್ನುತ್ತಿದ್ದಳು.

ಪಂಚಮಿ ಮುಗಿದು ಒಂದೆರಡು ತಿಂಗಳಿಗೆ ಮಗಳು ಬಸುರಿಯಾದಳು. ಏಳನೆಯ ತಿಂಗಳಲ್ಲಿ ಇಳಕಲ್ಲಿನ ಮನೆಯಲ್ಲಿ ಕುಬಸದ ಕಾರ್ಯ ಇಟ್ಟುಕೊಂಡರು. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುವ ಕಾರ್ಯವದು. ಅದು ಮುಗಿದ ಮೇಲೆ ಚೊಚ್ಚಲ ಬಾಣಂತನಕ್ಕೆ ಮಗಳು ತವರಿಗೆ ಬರಬೇಕು. ಇದು ನಾನು ಮಾಡಿದ ಕಾನೂನಲ್ಲ, ನಮ್ಮ ಸೀಮೆಯ ಪದ್ಧತಿ. ಅವಳಿಗೆಂದು ನವನಗರದ ಮನೆಯ ಹಿಂದಿನ ಕೋಣೆಗೆ ಸುಣ್ಣ ಹೊಡೆಸಿದ್ದೆ. ಬಾಣಂತಿ ಮಂಚವನ್ನು ಗಾಳಿ ನೇರ ಬೀಸದ ಮೂಲೆಯಲ್ಲಿ, ಗೋಡೆಯಿಂದ ಒಂದೂವರೆ ಅಡಿ ಬಿಟ್ಟು ಹಾಕಿಸಿದ್ದೆ.

ಉಡಿ ತುಂಬುವ ಕಾರ್ಯ ಮುಗಿದು ಎಲೆಗಳ ಮುಂದೆ ಜನ ಕುಳಿತಾಗ ಬೀಗರು ಹೋಳಿಗೆ ಬಡಿಸುತ್ತ ಎಲ್ಲರಿಗೂ ಕೇಳುವಂತೆ ಹೇಳಿದರು:

"ಈ ಸಲ ಬಾಣಂತನ ಇಲ್ಲೇ ಆಗಲಿ ಅಂತೇನಿ. ನಮ್ಮ ಬೀಗರ ಮನ್ಯಾಗ ಸಿಗರೇಟಿನ ಹೊಗಿ ಭಾಳ. ಕೂಸಿಗೆ ತ್ರಾಸ ಆಗತೈತಿ."

ಹೋಳಿಗೆಯನ್ನು ಎಲೆಯ ಅಂಚಿಗೆ ಸರಿಸಿದೆ. ನೀರು ಕುಡಿದು ಹೇಳಿದೆ: "ಹಂಗಾರ ನಿಮ್ಮ ಹುಕ್ಕಾ ಏನು ಊದಿನಕಡ್ಡಿ ಏನ್ರಿ?"

ಪಂಕ್ತಿ ಪೂರ್ತಿ ನಕ್ಕಿತು. ಬೀಗರೂ ನಕ್ಕರು. ಬೀಗರ ನಡುವಿನ ಕೆಣಕಾಟ ನಮ್ಮಲ್ಲಿ ಮದುವೆಯ ಹಾಡಿನಷ್ಟೇ ಹಳೆಯದು, ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ಅವರು ತಮಾಷೆಗೆ ಹೇಳಿರಲಿಲ್ಲ, ನಾನೂ ತಮಾಷೆಗೆ ಕೇಳಿರಲಿಲ್ಲ. ಊಟದ ನಂತರ ಇಬ್ಬರೂ ಮಗಳ ಮುಂದೆ ನಿಂತೆವು. ಹಸಿರು ಸೀರೆಯಲ್ಲಿ, ಗೋಡೆಗೆ ಒರಗಿ, ಕಾಲು ಚಾಚಿ ಕುಳಿತಿದ್ದಳು.

"ಅಪ್ಪಾ, ಅಲ್ಲಿ ಬಂದರ ನಿನ್ನ ಅಂಗಿ ವಾಸನೀಗೆ ಹೊಟ್ಟ್ಯಾಗ ತೊಳಸತೈತಿ," ಎಂದಳು. ಮಾವನ ಕಡೆ ತಿರುಗಿ, "ಇಲ್ಲಿ ಮಾವಾರು ಹುಕ್ಕಾ ಹಚ್ಚಿದ್ರ ನನಗ ತಲಿ ಹಿಡೀತೈತ್ರಿ. ನಾ ಇಷ್ಟು ದಿನ ಹೇಳಿಲ್ಲ," ಎಂದಳು. ಆಮೇಲೆ ಇಬ್ಬರಿಗೂ ಸೇರಿಸಿ: "ಯಾವ ಮನ್ಯಾಗ ಹೊಗಿ ಇರೂದಿಲ್ಲ, ನಾ ಅಲ್ಲಿ ಬಾಣಂತನಕ್ಕ ಹೋಗ್ತೇನಿ. ಮುಂದಿಂದು ನೀವ ನೋಡ್ಕೊಳ್ರಿ."

ಸುಣ್ಣ ಹೊಡೆಸಿದ ಕೋಣೆ ನನ್ನ ಕಣ್ಣ ಮುಂದೆ ಬಂತು. ನನ್ನ ಮೊದಲ ಮೊಮ್ಮಗು, ನನ್ನ ಮನೆಯಲ್ಲಿ ಅಲ್ಲದೆ, ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದ ಮನೆಯಲ್ಲಿ ಮೊದಲ ಜಳಕ ಮಾಡುವುದೆ? ಬಾಗಲಕೋಟೆಯಲ್ಲಿ ಎದೆರೋಗದ ವೈದ್ಯರ ಬಳಿಗೆ ಇಬ್ಬರೂ ಹೋಗೋಣ, ಯಾವ ಹೊಗೆ ಹೆಚ್ಚು ಕೇಡಿನದೆಂದು ಅವರೇ ಹೇಳಲಿ ಎಂದು ನಾನೇ ಸೂಚಿಸಿದೆ. ಗೆಲ್ಲುತ್ತೇನೆಂಬ ಖಾತ್ರಿಯಿತ್ತು. ಅಷ್ಟು ದೊಡ್ಡ ಮೋಡ ಬಿಡುವ ಯಂತ್ರಕ್ಕಿಂತ ಬೆರಳಷ್ಟು ಸಿಗರೇಟು ಹೆಚ್ಚು ಕೇಡು ಮಾಡಲಾರದೆಂದು ನನ್ನ ಲೆಕ್ಕ. ಬೀಗರಿಗೆ ತಮ್ಮ ನೀರಿನ ಮೇಲೆ ಅಷ್ಟೇ ಖಾತ್ರಿ. ಒಪ್ಪಿದರು.

ಗೊತ್ತುಮಾಡಿದ ದಿನ ನಾನು ಬಿಳಿಯ ಹಾಳೆಯ ಮೇಲೆ ಹನ್ನೊಂದು ಪ್ರಶ್ನೆಗಳನ್ನು ಬರೆದುಕೊಂಡು ಹೋದೆ. ಬೀಗರು ಬರಿಗೈಯಲ್ಲಿ ಬಂದರು. "ಇದ್ದದ್ದು ಇದ್ದಂಗ ಗೊತ್ತಾಗಲಿ ಅಂತ, ಮುಂಜಾನಿ ಒಂದ್ ತಾಸು ಎಳದ ಬಂದೇನ್ರಿ," ಎಂದರು ವೈದ್ಯರಿಗೆ. ನಾನು ಅಂದು ಎರಡು ಸೇದಿದ್ದೆ, ಹಾಗೆಂದೇ ಹೇಳಿದೆ.

ವೈದ್ಯರು ನಲವತ್ತರ ಆಸುಪಾಸಿನ ಹೆಣ್ಣುಮಗಳು, ನಮ್ಮ ಕಡೆಯವರೇ. ನನ್ನ ಹಾಳೆಯನ್ನು ತೆಗೆದುಕೊಂಡು ಮೇಜಿನ ಮೇಲೆ ಮಗುಚಿ ಇಟ್ಟರು. ಇದನ್ನೂ ಗಮನಿಸಿದ್ದೇನೆ. ಆಮೇಲೆ ಅಂಗೈಯಗಲದ ಒಂದು ಯಂತ್ರ ತೆಗೆದರು. ಉಸಿರನ್ನು ಎಳೆದು, ಹಿಡಿದು, ನಿಧಾನವಾಗಿ ಅದರೊಳಗೆ ಊದಬೇಕು; ರಕ್ತಕ್ಕೆ ಸೇರಿದ ಕೆಟ್ಟ ಗಾಳಿ ಎಷ್ಟೆಂದು ಅಂಕಿಯಲ್ಲಿ ತೋರಿಸುತ್ತದೆ.

ಮೊದಲು ಬೀಗರು ಊದಿದರು. ಅಂಕಿ ಏರಿತು, ಏರುತ್ತಲೇ ಹೋಯಿತು, ಕೆಂಪು ದೀಪ ಹತ್ತಿತು. ಅವರು ಯಂತ್ರವನ್ನು ಕಣ್ಣಿನ ಹತ್ತಿರ ಹಿಡಿದು ಅಂಕಿಯನ್ನು ಮತ್ತೊಮ್ಮೆ ಓದಿದರು.

"ಅಜ್ಜಾರ, ಈಗ ನೀವು ಬರ್ರಿ," ಎಂದರು ವೈದ್ಯರು.

ನಾನು ಆಗ ಇನ್ನೂ ಅಜ್ಜನಾಗಿರಲಿಲ್ಲ. ಎರಡು ತಿಂಗಳು ಬಾಕಿಯಿತ್ತು. ಆದರೂ ಎದ್ದು ಹೋಗಿ ಉಸಿರೆಳೆದೆ. ಹಿಡಿಯಲಾಗಲಿಲ್ಲ, ಕೆಮ್ಮು ಬಂತು. ಎರಡನೆಯ ಸಲವೂ ಬಂತು. ಮೂರನೆಯ ಸಲಕ್ಕೆ ಕಣ್ಣಲ್ಲಿ ನೀರು ತಂದುಕೊಂಡು ಊದಿದೆ. ನನ್ನ ಅಂಕಿ ಬೀಗರ ಅಂಕಿಯ ಅರ್ಧಕ್ಕಿಂತ ಕೆಳಗೇ ನಿಂತಿತು.

"ಮೇಡಂ," ಎಂದೆ, ದನಿಯಲ್ಲಿ ಸಂತೋಷ ತೋರದಂತೆ ಎಚ್ಚರ ವಹಿಸಿ, "ಈ ಎರಡೂ ಅಂಕಿಗಳನ್ನು ನಿಮ್ಮ ಹಾಳ್ಯಾಗ ಬರದು, ಸಹಿ ಮಾಡಿ ಕೊಡ್ರಿ."

"ಯಾಕ್ರಿ? ಚೌಕಟ್ಟು ಹಾಕಸ್ತೀರೇನು?" ಎಂದರು ಅವರು. "ಅಜ್ಜಾರ, ಅವರ ಅಂಕಿ ದೊಡ್ಡದು, ಖರೆ. ಆದರ ಅವರು ಒಂದ ಸಲಕ್ಕ ಉಸರು ಹಿಡದ್ರು. ನೀವು ಮೂರು ಸಲಕ್ಕ ಹಿಡದ್ರಿ. ಅದನ್ನೂ ಬರದ ಕೊಡ್ಲೇನು?"

ನಾನು ಕುರ್ಚಿಗೆ ಮರಳಿದೆ. ಬೀಗರು ಮೀಸೆ ಒರೆಸಿಕೊಂಡರು.

ವೈದ್ಯರು ಹೇಳಿದ್ದನ್ನು ಅಂದು ಮನೆಗೆ ಬಂದ ಮೇಲೆ ಡೈರಿಯಲ್ಲಿ ಕ್ರಮವಾಗಿ ಬರೆದೆ, ಅದರ ಸಾರವಿಷ್ಟು. ಒಂದು ಸಿಗರೇಟು ಐದಾರು ನಿಮಿಷದಲ್ಲಿ ಮುಗಿಯುತ್ತದೆ. ಹುಕ್ಕಾದ ಮುಂದೆ ಕುಳಿತವನು ತಾಸುಗಟ್ಟಲೆ, ದೊಡ್ಡ ದೊಡ್ಡ ಗುಟುಕಿನಲ್ಲಿ, ಪುಪ್ಪುಸದ ತಳದವರೆಗೆ ಎಳೆಯುತ್ತಾನೆ. ಒಂದು ಕೂಟದಲ್ಲಿ ಹಲವಾರು ಸಿಗರೇಟಿನ ಹೊಗೆ ಒಳಗೆ ಹೋಗಿರುತ್ತದೆ. ಹುಕ್ಕಾದಲ್ಲಿ ತಂಬಾಕಿನ ಹೊಗೆಯ ಜೊತೆಗೆ ಕೆಂಡದ ಹೊಗೆಯೂ ಉಂಟು. ಯಂತ್ರ ತೋರಿಸಿದ್ದು ಮುಖ್ಯವಾಗಿ ಆ ಕೆಂಡದ ಅನಿಲವನ್ನು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಪ್ರಾಣವಾಯು ಕೂರಬೇಕಾದ ಜಾಗದಲ್ಲಿ ಅದು ಕೂತುಬಿಡುತ್ತದೆ. ಮಗಳ ತಲೆನೋವಿನ ಮೂಲ ಅದೇ ಇರಬಹುದು. ಹಣ್ಣಿನ ವಾಸನೆ ಬರಿಯ ಬಣ್ಣ. ಒಂದೇ ನಳಿಕೆ ಹತ್ತು ಬಾಯಿ ತಿರುಗಿದರೆ ಕ್ಷಯದಂಥ ರೋಗವೂ ತಿರುಗಬಹುದು. ಬಿಡಲಾಗದಂತೆ ಕಟ್ಟಿಹಾಕುವ ನಿಕೋಟಿನ್ ಎರಡರಲ್ಲೂ ಇದೆ.

"ಆದರ ಮೇಡಂ, ನಡುವ ನೀರು ಐತಲ್ರಿ," ಎಂದರು ಬೀಗರು. ಅವರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಮೊದಲ ಸಲ ಕೇಳಿದೆ. ಗರಗಸ, ಕೊಳವೆ, ರಾಡಿ ಎಲ್ಲವನ್ನೂ ವಿವರಿಸಿದರು.

ವೈದ್ಯರು ಕಿವಿಗೊಟ್ಟು ಕೇಳಿದರು. "ಧೂಳು ಅಂದ್ರ ಕಾಳು. ನೀರು ಬಿದ್ದ ಕೂಡಲೆ ತೋಯ್ದು ಕೆಳಗ ಬೀಳತೈತಿ. ಹೊಗಿ ಗುಳ್ಳಿಯೊಳಗ ಕುಂತು ನೀರು ದಾಟತೈತ್ರಿ. ಗುಳ್ಳಿ ಹೊರಗಿನ ಮೈ ಅಷ್ಟ ತೋಯ್ತೈತಿ, ಒಳಗ ಕುಂತ ಹೊಗಿ ಒಣಗಿದ್ದು ಒಣಗಿದಂಗ ಇರತೈತಿ. ನೀರು ಮಾಡೂ ಕೆಲಸ ಒಂದ: ಹೊಗಿ ತಣ್ಣಗ ಮಾಡತೈತಿ. ತಣ್ಣಗ ಆದದ್ದಕ್ಕ ಗಂಟಲಾಗ ಉರಿಯೂದಿಲ್ಲ. ಉರಿಯೂದಿಲ್ಲ ಅಂತ ನೀವು ಮತ್ತಿಷ್ಟು ಎಳೀತೀರಿ."

ಇಲ್ಲಿಗೆ ತೀರ್ಪು ನನ್ನ ಪರವಾಗಿ ಬಂತೆಂದು ಎದ್ದು ನಿಲ್ಲುವವನಿದ್ದೆ.

"ಕೂಡ್ರಿ ಅಜ್ಜಾರ. ನಿಮ್ಮದು ಇನ್ನೂ ಐತಿ." ದಿನಕ್ಕೆ ಎಂಟರಂತೆ, ನಾಲ್ಕು ದಶಕದ ಹತ್ತಿರ ಹತ್ತಿರ, ಒಂದು ದಿನವೂ ಎದೆಗೆ ಬಿಡುವು ಕೊಟ್ಟಿಲ್ಲ. ಪುಪ್ಪುಸದ ಸಣ್ಣ ಕೊಳವೆಗಳು ಕುಗ್ಗಿವೆ, ಅದಕ್ಕೇ ಉಸಿರು ನಿಲ್ಲುತ್ತಿಲ್ಲ. ಹೃದಯ, ರಕ್ತನಾಳ, ಕ್ಯಾನ್ಸರು, ಒಂದೊಂದನ್ನೇ ಹೇಳಿದರು. ಕಡೆಗೆ ಕೈಕಟ್ಟಿ ಕುಳಿತು, "ನೀವಿಬ್ರೂ ಬಾವಿಗೆ ಬಿದ್ದು, ಯಾರ ಧೋತರ ಕಡಿಮಿ ತೋಯ್ದೈತಿ ಅಂತ ಕೇಳಾಕ ಬಂದೀರಿ," ಎಂದರು. "ಬಸುರಿ ಹೆಣ್ಣುಮಗಳಿಗೆ, ಹುಟ್ಟೂ ಕೂಸಿಗೆ ಎರಡೂ ವಿಷ. ಅದು ನಿಮ್ಮ ಅಂಗಿ ಮ್ಯಾಲೂ ಬರತೈತಿ. ಇನ್ನೊಂದು ಕೋಣ್ಯಾಗ ಸೇದ್ತೇನಿ ಅನ್ನೂದು ನಡಿಯೂದಿಲ್ಲ."

ನನ್ನ ಹಾಳೆಯನ್ನು ಹಾಗೆಯೇ ಮಡಚಿ ಕೊಟ್ಟರು. ಹನ್ನೊಂದು ಪ್ರಶ್ನೆಗೂ ಉತ್ತರ ಬಂದಿತ್ತು ಎಂಬುದನ್ನು ನ್ಯಾಯವಾಗಿ ಒಪ್ಪಬೇಕು.

ಮಗಳಿಗೆ ವರದಿ ಒಪ್ಪಿಸಬೇಕಿತ್ತು. ಅದಕ್ಕೆ ಬೀಗರ ಕಾರಿನಲ್ಲೇ ಇಳಕಲ್ಲಿಗೆ ಹೊರಟೆವು. ಹುನಗುಂದದಲ್ಲಿ ಚಹಾಕ್ಕೆ ಇಳಿದೆವು. ಚಹಾ ಮುಗಿದೊಡನೆ ನನ್ನ ಕೈ ತಾನಾಗಿ ಜೇಬಿಗೆ ಹೋಯಿತು. ಬೀಗರು ನೋಡುತ್ತಿದ್ದರು. ಕರವಸ್ತ್ರ ತೆಗೆದು ಬಾಯಿ ಒರೆಸಿಕೊಂಡೆ.

"ಆ ಅಂಗಡಿಯವನ ಕಡೆ ಸ್ಟೂಲ್ ಐತಿ, ಬೇಕಾದ್ರ," ಎಂದರು ಅವರು.

ಎಂಟು ತಿಂಗಳಿನಿಂದ ಒಳಗಿದ್ದದ್ದು ಹೊರಗೆ ಬಂತು. "ನಲವತ್ತೆರಡು ಹೆಜ್ಜಿ ನಡಸಿದ್ರಿ ನನ್ನ," ಎಂದೆ. "ಮಗಳನ್ನ ಕೊಟ್ಟಾಂವನ್ನ."

"ಎಲ್ಲಿ ನಲವತ್ತೆರಡ್ರಿ? ಅಂಗಳಕ್ಕ ಆ ಫರಸಿ ಕಲ್ಲು ಹಾಸಿದಾಂವ ನಾ. ಮೂವತ್ತೈದು ಹೆಜ್ಜಿ ಐತಿ ಅಷ್ಟ."

"ಸರ್ವೇದವನಿಗೆ ಅಳತಿ ಹೇಳಬ್ಯಾಡ್ರಿ."

"ಕಲ್ಲಿನವನಿಗೆ ಫರಸಿ ಹೇಳಬ್ಯಾಡ್ರಿ."

ಚಹಾದಂಗಡಿಯವನು ಗ್ಲಾಸು ತೊಳೆಯುವುದನ್ನು ನಿಲ್ಲಿಸಿ ಕೇಳುತ್ತಿದ್ದ.

ಇಳಕಲ್ಲಿನ ಮನೆಯಲ್ಲಿ ಬೀಗತಿಯವರು ಬೆಳಗಿನ ಹುಕ್ಕಾದ ಬುಡವನ್ನು ಆಗಷ್ಟೇ ಹಿತ್ತಲಿಗೆ ಒಯ್ದು ಬಗ್ಗಿಸುತ್ತಿದ್ದರು. ವೈದ್ಯರು ಹೇಳಿದ ಗುಳ್ಳೆಯ ಮಾತನ್ನು ಬೀಗರು ಅರೆಮನಸ್ಸಿನಿಂದ ಹೇಳಿ, "ಆದರ ನಮ್ಮ ಕಲ್ಲಿನ ನೀರು..." ಎಂದು ಮತ್ತೆ ಶುರುಮಾಡಿದರು. ಬೀಗತಿ ತಲೆಯೆತ್ತಿದರು. ನನ್ನ ಮುಂದೆ ಅವರು ಅಷ್ಟು ದೀರ್ಘವಾಗಿ ಮಾತಾಡಿದ್ದು ಅದೇ ಮೊದಲು.

"ಕಾರ್ಖಾನಿ ನೀರು ಹಾಲಿನಂಗ ಬೆಳ್ಳಗ ಬರತೈತಿ, ಕಾಲುವಿ ತಳದಾಗ ಗಟ್ಟಿ ಕುಂತಿರತೈತಿ. ಸಲಿಕಿಲೆ ತಗೀಬೇಕು. ಇದರ ನೀರು ನಾ ದಿನಾ ಚೆಲ್ಲತೇನಿ. ಒಂದ್ ತಾಸು ಎಳದ ಮ್ಯಾಲೂ ತೆಳ್ಳನ ಚಹಾದಂಗ ಇರತೈತಿ, ಅಷ್ಟ. ನೀರು ಹಿಡದಿದ್ರ ನೀರಾಗ ಇರಬೇಕಿತ್ತಲ್ಲ. ಉಳದದ್ದು ಎಲ್ಲಿ ಹೋತು?"

ಬೀಗರು ಬಗ್ಗಿ ಬುಡದಲ್ಲಿ ಉಳಿದ ನೀರನ್ನು ನೋಡಿದರು. ತೆಳುವಾದ ಹಳದಿ, ಅಷ್ಟೇ. ಕಾರ್ಖಾನೆಯ ಕಡೆ ನೋಡಿದರು. ತಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. ವೈದ್ಯರ ಯಂತ್ರ ಮಾಡದ ಕೆಲಸವನ್ನು ಮೂವತ್ತು ವರ್ಷ ಕಲ್ಲಿನ ರಾಡಿ ನೋಡಿದ ಕಣ್ಣು ಮಾಡಿತು. ನಾನು ಈ ಪ್ರಶ್ನೆಯನ್ನು ಪಂಚಮಿಯ ದಿನವೇ ಕೇಳಬಹುದಿತ್ತು. ಹೊಳೆಯಲಿಲ್ಲವೆಂಬ ಸಂಕಟ ಇಂದಿಗೂ ಇದೆ.

ಮಗಳು ಬಾಗಿಲಿಗೆ ಬಂದು ನಿಂತಿದ್ದಳು. "ಹಂಗಾರ ಯಾವ ಮನಿ?" ಎಂದಳು.

"ಬೀಗರು ಮೊದಲ ಬಿಡಲಿ," ಎಂದರು ಬೀಗರು.

"ಅಂಕಿ ದೊಡ್ಡದು ಇದ್ದವರು ಮೊದಲ ಬಿಡಬೇಕು," ಎಂದೆ ನಾನು.

"ಇಬ್ರೂ ಇವತ್ತ ಬಿಡ್ರಿ," ಎಂದಳು ಅವಳು. "ಒಂಬತ್ತು ತಿಂಗಳಾಗ ಬೀಳೂತನಕ ಯಾರು ಮೊದಲ ಸೇದ್ತೀರಿ, ಅವರ ಮನೀಗೆ ನಾ ಇಲ್ಲ."

ನನ್ನ ಡಬ್ಬಿಯಲ್ಲಿ ಆರು ಸಿಗರೇಟು ಉಳಿದಿದ್ದವು. ಬೀಗರು ಹುಕ್ಕಾದ ಬುಡ, ಕಂಬ, ನಳಿಕೆಗಳನ್ನು ಬಿಚ್ಚಿದರು. ಎರಡನ್ನೂ ಕಾರ್ಖಾನೆಯ ರಾಡಿಯ ಗುಂಡಿಗೆ ಎಸೆದೆವು. ಒಟ್ಟಿಗೇ ಎಸೆಯಬೇಕೆಂದು ನಾನು ಮೂರರವರೆಗೆ ಎಣಿಸಿದೆ. ಅವರು ಮೂರಕ್ಕೆ ತುಸು ತಡಮಾಡಿದರು, ಇರಲಿ.

ಮುಂದಿನ ದಿನಗಳನ್ನು ಸುಲಭವಾಗಿದ್ದವು ಎನ್ನಲಾರೆ. ಮೊದಲ ವಾರ ಕೈ ನಡುಗಿತು, ನಿದ್ದೆ ಬರಲಿಲ್ಲ, ಸಿಟ್ಟು ಬಂತು; ಸಿಟ್ಟಿನಲ್ಲಿ ಹೊಸತೇನಿಲ್ಲವೆಂದು ಹೆಂಡತಿ ಹೇಳಿದಳು. ಮದುವೆಯಾದಂದಿನಿಂದ ಅಷ್ಟಕ್ಕಷ್ಟೇ ಇದ್ದ ಇಬ್ಬರು ಬೀಗತಿಯರು ಈಗ ದಿನಾ ಬೆಳಿಗ್ಗೆ ಫೋನು ಮಾಡತೊಡಗಿದರು. "ನಮ್ಮವರು ಸೋಂಪು ತಿನಕೋತ ಅಡ್ಡ್ಯಾಡಾಕತ್ತಾರ್ರಿ." "ನಮ್ಮವರು ಬೆಲ್ಲದ ಡಬ್ಬಿ ಖಾಲಿ ಮಾಡ್ಯಾರ್ರಿ." ಆ ಫೋನು ಮುಗಿಯುವುದನ್ನೇ ನಾನು ಕಾಯುತ್ತಿದ್ದೆ. "ಸೇದ್ಯಾರಂತೇನು?" ಎಂದು ಕೇಳುತ್ತಿದ್ದೆ. "ಇಲ್ಲಂತ," ಎನ್ನುತ್ತಿದ್ದಳು. ಹಾಗಾದರೆ ನಾನೂ ಇಲ್ಲ. ಆ ಮನುಷ್ಯನ ಮುಂದೆ ಸೋಲುವುದಕ್ಕಿಂತ ಸುಮ್ಮನೆ ಕುಳಿತು ನಡುಗುವುದು ಲೇಸು. ವೈದ್ಯರು ಕೊಟ್ಟ ಅಗಿಯುವ ಗೋಲಿಯೂ ಸಹಾಯ ಮಾಡಿತೆನ್ನಿ. ಆದರೆ ಹೆಚ್ಚು ಸಹಾಯ ಮಾಡಿದ್ದು ಕಾಲಿಗೆ ತಂತಿ ಸುತ್ತಿದ ಆ ಕೆಂಪು ಸ್ಟೂಲಿನ ನೆನಪು. ಅದೇ ಕಾಲಕ್ಕೆ ಇಳಕಲ್ಲಿನಲ್ಲಿ ಬೀಗರು, "ಆ ಸರ್ವೇದಾಂವ ಬಿಟ್ಟಿದ್ರ ನಾ ಬಿಡಾಕಾಗೂದಿಲ್ಲೇನು," ಎಂದು ಕಾರ್ಖಾನೆಯವರ ಮುಂದೆಲ್ಲ ಹೇಳುತ್ತಿದ್ದರಂತೆ. ಆ ಸರ್ವೇದಾಂವ ಎಂಬ ಮಾತನ್ನೂ ಬರೆದಿಟ್ಟಿದ್ದೇನೆ.

ಒಂಬತ್ತನೆಯ ತಿಂಗಳು ಬಿತ್ತು. ಇಬ್ಬರೂ ಸೇದಿರಲಿಲ್ಲ. ಸಮ ಆದಾಗ ಪದ್ಧತಿಯ ಮಾತೇ ಮೇಲು ಎಂದು ಮಗಳು ತೀರ್ಪು ಕೊಟ್ಟು ನವನಗರಕ್ಕೆ ಬಂದಳು. ಬೀಗರೇ ಕಾರಿನಲ್ಲಿ ಕರೆತಂದು ಬಿಟ್ಟರು. ನಾನು ಗೇಟಿನವರೆಗೆ ಹೋಗಿ ಕೈಮುಗಿದೆ, ಬಾಕಿ ಉಳಿಸಿಕೊಳ್ಳಲಿಲ್ಲ. ಸುಣ್ಣ ಹೊಡೆಸಿದ ಕೋಣೆಯಲ್ಲಿ ಅವಳ ಟ್ರಂಕು ಬಿಚ್ಚುವಾಗ ಕೂಸಿನ ಕುಲಾವಿ, ಹಳೆಯ ಸೀರೆಯ ದುಪಟಿಗಳನ್ನು ಮಡಚಿಟ್ಟ ರೀತಿ ನೋಡಿ ಯಾವಾಗ ಕಟ್ಟಿದೆ ಎಂದು ಹೆಂಡತಿ ಕೇಳಿದಳು.

"ಕುಬಸದ ಹಿಂದಿನ ದಿನಾನ ಕಟ್ಟಿಟ್ಟಿದ್ದೆ," ಎಂದಳು ಮಗಳು, ನನ್ನ ಕಡೆ ನೋಡದೆ. "ನಾ ಎಲ್ಲಿ ಹೊಂಟಿದ್ದೆ ಮತ್ತ? ನೀವಿಬ್ರೂ ಬಿಡ್ತೀರೋ ಇಲ್ಲೋ ಅಷ್ಟ ನೋಡಬೇಕಿತ್ತು."

ಹೆತ್ತ ಮಗಳೇ ಹೂಡಿದ ಈ ಉಪಾಯವನ್ನು ಯಾವ ತಲೆಬರಹದ ಕೆಳಗೆ ಬರೆಯಬೇಕೆಂದು ತಿಳಿಯದೆ ಡೈರಿಯಲ್ಲಿ ಅರ್ಧ ಪುಟ ಖಾಲಿ ಬಿಟ್ಟಿದ್ದೇನೆ. ಕಾರಹುಣ್ಣಿಮೆಯ ಮರುವಾರ ಹೆಣ್ಣುಕೂಸು ಹುಟ್ಟಿತು. ತೂಕ ಸರಿಯಾಗಿದೆ, ದನಿ ಬೀಗರದ್ದು ಎಂದು ಎಲ್ಲರೂ ಹೇಳಿದರು. ತೊಟ್ಟಿಲಿಗೆ ಹಾಕುವ ದಿನ ಬೀಗರು ಅಮೀನಗಡದ ಎದುರಿನ ಅಂಗಡಿಯ ಕರದಂಟು ತಂದರು. ಅದು ನಿಜಕ್ಕೂ ಚೆನ್ನಾಗಿತ್ತು. ಅವರಿಗೆ ಹೇಳಿಲ್ಲ.

ಐದು ತಿಂಗಳಿಗೆ ತಾಯಿ ಮಗುವನ್ನು ಗಂಡನ ಮನೆಗೆ ಬಿಡಲು ಇಳಕಲ್ಲಿಗೆ ಹೋದೆವು. ಪಡಸಾಲೆಯ ಗಾದಿಯ ಮುಂದೆ, ಹುಕ್ಕಾ ಇದ್ದ ಜಾಗದಲ್ಲಿ, ತೊಟ್ಟಿಲು. ಬೀಗರು ನನ್ನನ್ನು ಗಾದಿಯ ಮೇಲೆ ಕೂರಿಸಿ ತಾವು ಕೆಳಗೆ ಕುಳಿತರು. ಊಟವಾದ ಮೇಲೆ ನಾನೊಬ್ಬನೇ ಎದ್ದು ಬೇವಿನ ಮರದ ಕಡೆ ನಡೆದೆ. ಹಳೆಯ ದಾಖಲೆಯನ್ನು ತಾಳೆ ನೋಡುವುದು ಭೂಮಾಪಕನ ಧರ್ಮ. ಎಲ್ಲಿಯೂ ನಿಲ್ಲಲಿಲ್ಲ, ಕೆಮ್ಮಲಿಲ್ಲ. ಮೂವತ್ತಾರು.

ನಂಬಿಕೆ ಬರದೆ ಚೀಲದಿಂದ ಟೇಪು ತೆಗೆದು ಹಾಸಿದೆ. ತೊಂಬತ್ತು ಅಡಿ. ಮೂವತ್ತಾರು ಹೆಜ್ಜೆಗೆ ಎರಡೂವರೆ ಅಡಿಯ ಹೆಜ್ಜೆ ಸರಿಯಾಗಿ ಬರುತ್ತದೆ. ಅಂದಮೇಲೆ ಆ ಪಂಚಮಿಯ ದಿನ ನನ್ನ ಹೆಜ್ಜೆ ಎರಡಡಿಗಿಂತ ತುಸುವೇ ಹೆಚ್ಚಿತ್ತು. ಮೂವತ್ತನಾಲ್ಕು ವರ್ಷ ನಂಬಿದ ಅಳತೆಗೋಲನ್ನು ಹೊಗೆ ಯಾವಾಗ ಕಡಿದು ಸಣ್ಣದು ಮಾಡಿತ್ತೋ ನನಗೆ ಗೊತ್ತೇ ಆಗಿರಲಿಲ್ಲ; ಆರೇಳು ತಿಂಗಳ ಶುದ್ಧ ಗಾಳಿ ಅದನ್ನು ಮರಳಿ ಕೊಟ್ಟಿತ್ತು.

ಬೀಗರು ಕೂಸನ್ನು ಹೆಗಲಿಗೆ ಹಾಕಿಕೊಂಡು ಹಿಂದೆಯೇ ಬಂದು ನಿಂತಿದ್ದರು. "ಎಷ್ಟ ಬಂತ್ರಿ?" ಎಂದರು.

ಸುಳ್ಳು ಅಳತೆ ಹೇಳಿದ ಚರಿತ್ರೆ ನನಗಿಲ್ಲ. "ಮೂವತ್ತಾರು," ಎಂದೆ.

"ನಾ ಮೂವತ್ತೈದು ಅಂದಿದ್ದೆ."

ಡೈರಿಯಲ್ಲಿ ನಲವತ್ತೆರಡನ್ನು ಹೊಡೆದು, ತಿದ್ದುಪಡಿಯ ಪಕ್ಕದಲ್ಲಿ ಸಹಿ ಹಾಕಿದ್ದೇನೆ. ಆದರೆ ಅವರು ಹೇಳಿದ್ದಕ್ಕೂ ಟೇಪು ಹೇಳಿದ್ದಕ್ಕೂ ಇನ್ನೂ ಒಂದು ಹೆಜ್ಜೆಯ ವ್ಯತ್ಯಾಸವಿದೆ. ಆ ಒಂದನ್ನು ನಾನು ಬಿಟ್ಟುಕೊಟ್ಟಿಲ್ಲ.